ಹಿರಿಯರು ರಾಜಿ ಮಾಡಿಸಿಬಿಟ್ಟಿದ್ದಾರೆ, ಈಗೇನು ಮಾಡುವುದು?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯವಳು, ಮಹಿಳಾ ಸ್ವಸಹಾಯ ಸಂಘ ನಡೆಸುತ್ತೇನೆ. ನಮ್ಮೂರಿನ ಹುಡುಗಿಯೊಬ್ಬಳು, ಹದಿನೇಳು ವರ್ಷ, ಪಿಯುಸಿ ಓದುತ್ತಿದ್ದಳು. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಇವಳು ಅಜ್ಜಿ ಹತ್ತಿರ ಇದ್ದಳು. ಭತ್ತ ನಾಟಿ ಹೊತ್ತಿಗೆ ರಜೆ ದಿನ ಕೂಲಿಗೆ ಹೋದಾಗ ಆಳು ಕರೆದುಕೊಂಡು ಹೋಗುವ ಮೇಸ್ತ್ರಿಯೇ ಬಲಾತ್ಕಾರ ಮಾಡಿದ. ದೂರದ ಸಂಬಂಧಿ ಬೇರೆ. ಹಿರಿಯರು ಕಟ್ಟೆ ಮೇಲೆ ಕೂತು ಬಾಂಡ್ ಪೇಪರ್ ಬರೆಸಿ, ದುಡ್ಡು ಕೊಡಿಸಿ ರಾಜಿ ಮಾಡಿಸಿದರು. ಹುಡುಗಿಯನ್ನು ಓದು ಬಿಡಿಸಿ ಬೆಂಗಳೂರಿಗೆ ಕಳಿಸಿದರು. ನಾಲ್ಕು ತಿಂಗಳಾಯಿತು. ಅವನು ಇವತ್ತಿಗೂ ಟಂಟಂನಲ್ಲಿ ಹೆಣ್ಣಾಳು ತುಂಬಿಕೊಂಡು ಹೋಗುತ್ತಾನೆ. ಇನ್ನೇನಾದರೂ ಮಾಡಲು ಬರುತ್ತದೆಯೇ? ಮುಂದೆ ಹೀಗಾಗದಂತೆ ನಮ್ಮ ಸಂಘ ಏನು ಮಾಡಬಹುದು? ಎಳ್ಳಮವಾಸ್ಯೆಗೆ ಅವಳು ಊರಿಗೆ ಬರುತ್ತಾಳಂತೆ. ಹೇಗೆ ಮಾತಾಡಿಸಬೇಕು ಎಂಬುದೇ ತಿಳಿಯುತ್ತಿಲ್ಲ.

ಉತ್ತರ: ಅಕ್ಕಾ, ಕಾನೂನಿನ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ, ಇವತ್ತೇ. ಹುಡುಗಿಯ ಅವ್ವ ಒಬ್ಬಳೇ ಇರುವ ಹೊತ್ತು ನೋಡಿ ಫೋನ್ ಮಾಡಿ, ಮಗಳಿಗೆ ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿ. ಒಂದು ವೇಳೆ ನಿಂತಿದ್ದರೆ, ನಾಲ್ಕು ತಿಂಗಳೆಂದರೆ ವೈದ್ಯರ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತೊಂಬತ್ತು ವಾರ. ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಮೇಲೆ ಅತ್ಯಾಚಾರಕ್ಕೆ ಒಳಗಾದವರಿಗೆ, ಹದಿನೆಂಟು ತುಂಬದ ಹುಡುಗಿಯರಿಗೆ 24 ವಾರದವರೆಗೆ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶವಿದೆ. 20 ವಾರದೊಳಗಾದರೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ದಾಟಿದರೆ ಇಬ್ಬರದು ಬೇಕು. 24 ದಾಟಿತೋ, ವೈದ್ಯಕೀಯ ಮಂಡಳಿ, ಹೈಕೋರ್ಟು ಎಂದು ಅಲೆದಾಟ. ‘ಹಬ್ಬಕ್ಕೆ ಬಂದಾಗ ಕೇಳಿದರಾಯಿತು’ ಎಂದು ಬಿಡಬೇಡಿ. ಮುಟ್ಟು ಸರಿಯಾಗಿದ್ದರೂ ಎಚ್‌ಐವಿ ಮತ್ತು ಲೈಂಗಿಕ ಸೋಂಕಿನ ಪರೀಕ್ಷೆ ಒಮ್ಮೆ ಆಗಲಿ. ಸರ್ಕಾರಿ ಆಸ್ಪತ್ರೆಯಿರಲಿ ಖಾಸಗಿಯಿರಲಿ, ಇಂಥವರಿಗೆ ಚಿಕಿತ್ಸೆಯನ್ನು ಪುಕ್ಕಟೆ ಕೊಡಲೇಬೇಕು. ಇಲ್ಲವೆಂದರೆ ಆಸ್ಪತ್ರೆಯವರ ಮೇಲೇ ಕೇಸು ಆಗುತ್ತದೆ.

ಇನ್ನು ಬಾಂಡ್ ಪೇಪರ್. ಹೊಲದ ಬದುವಿನ ಜಗಳ ಕಟ್ಟೆಯ ಮೇಲೆ ರಾಜಿಯಾಗುತ್ತದೆ. ಇದು ಆಗುವುದಿಲ್ಲ. ಹದಿನೆಂಟರ ಒಳಗಿನ ಹುಡುಗಿಯ ಮೇಲೆ ನಡೆದದ್ದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಬರುವ ಅಪರಾಧ. ಅದನ್ನು ರಾಜಿ ಮಾಡಿಸುವ ಅಧಿಕಾರ ಹಿರಿಯರಿಗಿಲ್ಲ, ಹುಡುಗಿಯ ಅಪ್ಪನಿಗೂ ಇಲ್ಲ. ಆ ಕಾಗದ ಯಾರ ಹತ್ತಿರ ಇದೆ ಗೊತ್ತೇ? ಸಿಕ್ಕರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹೀಗೊಂದು ಘಟನೆ ನಡೆದಿತ್ತು, ಇಂತಿಂಥವರಿಗೆ ಗೊತ್ತಿತ್ತು, ಇಷ್ಟು ದುಡ್ಡು ಕೈ ಬದಲಾಯಿಸಿತು ಎಂದು ಅವರೇ ಸಹಿ ಹಾಕಿ ಕೊಟ್ಟ ಸಾಕ್ಷಿ ಅದು. ಮನೆಯವರು ದುಡ್ಡು ತೆಗೆದುಕೊಂಡದ್ದನ್ನು ಮುಚ್ಚಿಡಬೇಡಿ. ಕೂಲಿ ಮಾಡುವವರನ್ನು ಊರಿಗೆ ಊರೇ ಸುತ್ತುವರಿದು ಕೂತಾಗ ಬೇಡವೆನ್ನುವ ತ್ರಾಣ ಎಲ್ಲಿಂದ ಬರಬೇಕು? ಪೊಲೀಸರ ಮುಂದೆ ಹಾಗೆಯೇ ಹೇಳಲಿ.

ತಡವಾಯಿತೆಂಬ ಭಯ ಬೇಡ. ಇಂಥ ಅಪರಾಧಕ್ಕೆ ದೂರು ಕೊಡಲು ಕಾಲಮಿತಿಯಿಲ್ಲ. ದೂರು ತಡವಾಗಿದ್ದನ್ನೇ ಹಿಡಿದು ಹೆಣ್ಣುಮಗಳ ಮಾತನ್ನು ಅನುಮಾನಿಸಬಾರದು, ನಂಬುವಂತಿದ್ದರೆ ಅವಳೊಬ್ಬಳ ಸಾಕ್ಷ್ಯವೇ ಸಾಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ದೇಹದ ಮೇಲಿನ ಸಾಕ್ಷ್ಯ ಈಗ ಸಿಗುವುದಿಲ್ಲ, ನಿಜ. ಆದರೆ ಆ ದಿನ ಟಂಟಂನಲ್ಲಿ ಯಾರ್ಯಾರಿದ್ದರು, ಯಾರ ಗದ್ದೆಯಲ್ಲಿ ನಾಟಿಯಿತ್ತು, ಮೇಸ್ತ್ರಿಯ ಫೋನು ಎಲ್ಲಿತ್ತು ಎಂಬುದೆಲ್ಲ ಹಾಗೇ ಇದೆ.

ಈಗ ನಿಮಗೆ ಇಷ್ಟವಾಗದ ಮಾತು. ಹುಡುಗಿ ಅಪ್ರಾಪ್ತೆ ಎಂದ ಮೇಲೆ, ವಿಷಯ ಗೊತ್ತಿರುವ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುವುದು ಅದನ್ನೇ, ತಿಳಿಸದಿದ್ದರೆ ಶಿಕ್ಷೆಯೂ ಇದೆ. ಆ ‘ಯಾರೇ ಆದರೂ’ ಎಂಬುದರಲ್ಲಿ ಕಟ್ಟೆ ಮೇಲೆ ಕೂತವರು ಬಂದರು, ಪತ್ರ ಬರೆದ ನೀವೂ ಬಂದಿರಿ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲದು ಎಂದು ಅದೇ ಕಲಂ ರಕ್ಷಣೆಯನ್ನೂ ಕೊಟ್ಟಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ನಡೆಯುತ್ತದೆ.

ಈ ನಿಯಮದ ಬಗ್ಗೆ ನನಗೇ ಸಮಾಧಾನವಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಪೊಲೀಸರಿಗೆ ಹೋಗುತ್ತದೆಂಬ ಹೆದರಿಕೆಗೇ ಎಷ್ಟೋ ಹುಡುಗಿಯರು ಆಸ್ಪತ್ರೆ ಮೆಟ್ಟಿಲು ಹತ್ತದೆ ಯಾವುದೋ ಗುಳಿಗೆ ನುಂಗಿ ರಕ್ತಸ್ರಾವ ಮಾಡಿಕೊಂಡದ್ದನ್ನು ಕಂಡಿದ್ದೇನೆ. ಅದಕ್ಕೇ ಹೇಳುವುದು, ಅವಳಿಗೆ ಗೊತ್ತಿಲ್ಲದಂತೆ ದೂರು ಕೊಟ್ಟು ಒಂದು ಮುಂಜಾನೆ ಪೊಲೀಸರು ಬಾಗಿಲು ಬಡಿಯುವಂತೆ ಮಾಡಬೇಡಿ. ಮೊದಲು ಅವ್ವನಿಗೆ, ಅವ್ವನ ಮೂಲಕ ಅವಳಿಗೆ, ಹೀಗೆ ಹೀಗೆ ಆಗುತ್ತದೆ ಎಂದು ತಿಳಿಸಿ ಹೇಳಿ. ಅದಕ್ಕೆ ಒಂದೆರಡು ದಿನ ಹಿಡಿಯಲಿ, ತಿಂಗಳುಗಟ್ಟಲೆ ಬೇಡ.

ಏನು ಹೇಳಬೇಕು? ದೂರಿಗಾಗಿ ಅವಳು ಊರಿಗೆ ಬರಬೇಕಿಲ್ಲ. ಬೆಂಗಳೂರಿನಲ್ಲಿ ಇರುವ ಕಡೆಯ ಠಾಣೆಯಲ್ಲೇ ಝೀರೊ ಎಫ್‌ಐಆರ್ ಆಗುತ್ತದೆ, ಅವರು ಅದನ್ನು ನಿಮ್ಮ ಕಡೆಯ ಠಾಣೆಗೆ ಕಳಿಸುತ್ತಾರೆ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ. ದೂರು ಬರೆದುಕೊಳ್ಳಲು ಒಪ್ಪದ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಜೈಲು. ಅವಳು ಠಾಣೆಗೆ ಹೋಗಲೇಬೇಕೆಂದೂ ಇಲ್ಲ. ಮಹಿಳಾ ಅಧಿಕಾರಿ, ಆದಷ್ಟು ಎಸ್‌ಐ ಮಟ್ಟದವರು, ಖಾಕಿ ಹಾಕದೆ ಮನೆಗೇ ಬಂದು ಹೇಳಿಕೆ ಬರೆದುಕೊಳ್ಳಬೇಕು, ಅವ್ವ ಪಕ್ಕದಲ್ಲಿ ಕೂತಿರಬಹುದು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವಿಷಯ ಹೋಗುತ್ತದೆ. ಸಮಿತಿಯನ್ನು ಎರಡು ಕೇಳಿ: ತನಿಖೆ, ವಿಚಾರಣೆ ಮುಗಿಯುವವರೆಗೂ ಅವಳ ಜೊತೆ ನಿಲ್ಲುವ ‘ಬೆಂಬಲ ವ್ಯಕ್ತಿ’ಯನ್ನು ನೇಮಿಸಿಕೊಡಿ, ತುರ್ತು ಖರ್ಚಿಗೆ ವಿಶೇಷ ಪರಿಹಾರ ಕೊಡಿಸಿ. ಕೇಳದೆ ಬಹಳ ಸಲ ಬರುವುದಿಲ್ಲ. ದೊಡ್ಡ ಪರಿಹಾರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ. 2018ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 4 ಲಕ್ಷ, ಗರಿಷ್ಠ 7 ಲಕ್ಷ ಎಂದಿದೆ. ಅದರ ಒಂದು ಭಾಗ, ಮಧ್ಯಂತರ ಪರಿಹಾರ, ತೀರ್ಪಿಗೆ ಕಾಯದೆ ಸಿಗುತ್ತದೆ. ಪುಕ್ಕಟೆ ವಕೀಲರಿಗೆ 15100. ಹುಡುಗಿ ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿದ್ದು ಅವನು ಅಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಸೇರಬೇಕು, ತನಿಖೆ ಡಿವೈಎಸ್‌ಪಿ ಮಟ್ಟದಲ್ಲಿ ಆಗಬೇಕು. ನೀವು ದೂರದ ಸಂಬಂಧಿ ಎಂದಿದ್ದೀರಿ, ಹಾಗಾಗಿ ಇಲ್ಲಿ ಬಹುಶಃ ಬರಲಾರದು.

ಇಷ್ಟು ಈ ಹುಡುಗಿಯದು. ಮುಂದೆ ನಿಮ್ಮೂರಿನಲ್ಲೇ ಆಗಲಿ, ಪಕ್ಕದ ಕ್ಯಾಂಪಿನಲ್ಲೇ ಆಗಲಿ, ಯಾರಾದರೂ ಅದೇ ದಿನ, ಮರುದಿನ ನಿಮ್ಮ ಬಾಗಿಲಿಗೆ ಬಂದರೆ? ಒಂದು ಹಳೆಯ ಸಂಗತಿ ಹೇಳುತ್ತೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಒಬ್ಬ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಿದ್ದಳು. ಕೈಯಲ್ಲಿ ಗೊಬ್ಬರದ ಚೀಲದಿಂದ ಹೊಲಿದ ಕೈಚೀಲ. ಡಾಕ್ಟರು ಆ ದಿನದ ಬಟ್ಟೆ ಎಲ್ಲಿ ಎಂದು ಕೇಳಿದರು. ಅಜ್ಜಿ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಚೂಡಿದಾರ, ಪ್ಯಾಂಟು, ಒಳ ಉಡುಪು, ಎಲ್ಲವನ್ನೂ ಸಬಕಾರ ಹಚ್ಚಿ ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ, ಮಡಿಕೆ ಮುರಿಯದ ಹಾಗೆ ಮಡಚಿ ತಂದಿದ್ದಳು. ‘ಹೊಲಸು ಅರಿವಿ ದವಾಖಾನಿಗೆ ಹೆಂಗ ತರೂದ್ರಿ’ ಎಂದಳು. ಹುಡುಗಿಗೆ ಬಿಸಿನೀರು ಕಾಯಿಸಿ ತಲೆಗೂ ಹಾಕಿದ್ದಳು. ಆ ಮುದುಕಿಗೆ ತಿಳಿದ ಪ್ರೀತಿಯೆಲ್ಲ ಆ ಮಡಿಕೆಯಲ್ಲಿತ್ತು, ಸಾಕ್ಷ್ಯವೆಲ್ಲ ಚರಂಡಿಗೆ ಹರಿದುಹೋಗಿತ್ತು. ಅವಳನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ. ಸಂಘದ ಸಭೆಗಳಲ್ಲಿ ನಾನು ಈ ಸಂಗತಿಯಿಂದಲೇ ಶುರು ಮಾಡುವುದು. ಕಲಂ ನಂಬರು ಯಾರಿಗೂ ನೆನಪಿರುವುದಿಲ್ಲ, ಆ ಮಡಚಿದ ಬಟ್ಟೆ ಮರೆಯುವುದಿಲ್ಲ.

ಬಟ್ಟೆ ತೊಳೆಯಬಾರದು. ನೆನೆದಿದ್ದರೆ ನೆರಳಿಗೆ ಆರಿಸಿ ಹಳೆ ಪೇಪರಿನಲ್ಲಿ ಸುತ್ತಿಡಬೇಕು, ಪ್ಲಾಸ್ಟಿಕ್ ಕವರಿನಲ್ಲಿ ಬೂಷ್ಟು ಹಿಡಿಯುತ್ತದೆ. ಸ್ನಾನ ಮಾಡದೆ ಹೋದರೆ ಒಳ್ಳೆಯದು, ಮಾಡಿಬಿಟ್ಟಿದ್ದರೂ ಹೋಗಲೇಬೇಕು. ಯಾಕೆಂದರೆ ಆಸ್ಪತ್ರೆಗೆ ಹೋಗುವುದು ಸಾಕ್ಷ್ಯಕ್ಕೊಂದೇ ಅಲ್ಲ. ಗರ್ಭ ನಿಲ್ಲದಂತೆ ಕೊಡುವ ಗುಳಿಗೆ 72 ಗಂಟೆಯೊಳಗೆ ಬೀಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಎಚ್‌ಐವಿ ತಗಲದಂತೆ ಕೊಡುವ ಔಷಧವನ್ನೂ 72 ಗಂಟೆಯೊಳಗೇ ಶುರು ಮಾಡಿ 28 ದಿನ ತಪ್ಪದೆ ನುಂಗಬೇಕು. ನಾನು ನೋಡಿದ ಊರುಗಳಲ್ಲಿ ಹಿರಿಯರ ಪಂಚಾಯಿತಿ ಸರಾಸರಿ ಎಷ್ಟು ದಿನ ನಡೆಯುತ್ತದೆ ಗೊತ್ತೇ ಅಕ್ಕಾ? ಮೂರು ದಿನ. ಸರಿಯಾಗಿ ಆ 72 ಗಂಟೆಯನ್ನೇ ಕಟ್ಟೆ ತಿಂದುಹಾಕುತ್ತದೆ.

‘ಪೊಲೀಸರ ಚೀಟಿ ತನ್ನಿ’ ಎಂದು ಆಸ್ಪತ್ರೆಯಲ್ಲಿ ಕೂರಿಸುವುದೂ ಉಂಟು. ಹೀಗೆ ಒಂದು ಆಸ್ಪತ್ರೆಯ ವರಾಂಡದಲ್ಲಿ ಮಧ್ಯಾಹ್ನದಿಂದ ರಾತ್ರಿಯವರೆಗೆ ಒಬ್ಬ ಹುಡುಗಿಯ ಜೊತೆ ನಾನೇ ಕಾದಿದ್ದೇನೆ. ಚೀಟಿ ಬೇಕಿಲ್ಲ. ಪೊಲೀಸರು ಕಳಿಸಿಲ್ಲವೆಂದು ಹಳ್ಳಿ ಕಡೆಯ ಆಸ್ಪತ್ರೆಗಳು ಪರೀಕ್ಷೆಗೆ ಒಪ್ಪದಿರುವುದು ತಪ್ಪು ಎಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಅದೂ ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ. ಎರಡು ಬೆರಳಿನ ಪರೀಕ್ಷೆ ಮಾಡುವಂತಿಲ್ಲ. ಮಾಡಿದರೆ ದುರ್ನಡತೆ ಎಂದು 2022ರ ಅಕ್ಟೋಬರ್‌ನಲ್ಲಿ ಅದೇ ಕೋರ್ಟು ಹೇಳಿದೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯಲ್ಲಿ ನಾವು ಇನ್ನೂ ವಿಮ್ಸ್ ಎಂದೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆ, ಇವು ದೊಡ್ಡವು ನಿಜ. ಆದರೆ ಮೊದಲ ಗುಳಿಗೆಗೆ ತಾಲ್ಲೂಕು ಆಸ್ಪತ್ರೆಯೂ ಸಾಕು, ದೂರ ಎಂದು ಕೂರಬೇಡಿ. ವೈದ್ಯರು, ಪೊಲೀಸರು, ವಕೀಲರು, ಸಮಾಲೋಚಕಿ ಎಲ್ಲರನ್ನೂ ಒಂದೇ ಕಡೆ ಜೋಡಿಸಿಕೊಡಲೆಂದು ಜಿಲ್ಲಾ ಕೇಂದ್ರದಲ್ಲಿ ‘ಸಖಿ’ ಕೇಂದ್ರವಿದೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ.

ಹುಡುಗಿಯ ಹೆಸರು, ಮನೆ, ಕಾಲೇಜು ಹೊರಗೆ ಬರಬಾರದು. ವಾಟ್ಸಾಪ್ ಗುಂಪಿನಲ್ಲಿ ‘ನ್ಯಾಯ ಸಿಗಲಿ’ ಎಂದು ಫೋಟೊ ಹಾಕುವುದೂ ಅಪರಾಧವೇ. ಸಂಘದವರೇ ಪ್ರೀತಿಯಿಂದ ಈ ತಪ್ಪು ಮಾಡುತ್ತಾರೆ, ಅದಕ್ಕೆ ಹೇಳಿದೆ.

ಕೋರ್ಟಿನ ಮಾತು. ವಿಚಾರಣೆ ಬಾಗಿಲು ಮುಚ್ಚಿ ನಡೆಯಬೇಕು, ಆರೋಪಿಯ ಮುಖ ಅವಳಿಗೆ ಕಾಣಬಾರದು, ಪದೇ ಪದೇ ಕರೆಸಬಾರದು, ಆದಷ್ಟು ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ. ಒಳಗೆ ಪರದೆ ಇರುತ್ತದೆ. ಹೊರಗೆ ಬೇವಿನ ಮರದ ಕೆಳಗೆ ಇರುವುದು ಒಂದೇ ಕಟ್ಟೆ. ಒಂದು ತುದಿಗೆ ಹುಡುಗಿ, ಅವಳವ್ವ. ಇನ್ನೊಂದು ತುದಿಗೆ ಅವನ ಅಣ್ಣತಮ್ಮಂದಿರು, ಹೆಂಡತಿ, ಕಂಕುಳಲ್ಲಿ ಕೂಸು. ಆ ಹೆಂಡತಿ ಎದ್ದು ಬಂದು ಹುಡುಗಿಯ ಕಾಲು ಹಿಡಿದದ್ದನ್ನು ಒಮ್ಮೆ ನೋಡಿದ್ದೇನೆ. ಎಷ್ಟೋ ಕೇಸುಗಳು ಮುರಿಯುವುದು ಸಾಕ್ಷಿ ಕಟಕಟೆಯಲ್ಲಲ್ಲ, ಆ ಬೇವಿನ ಮರದ ಕೆಳಗೆ. ನಿಮ್ಮ ಸಂಘ ಏನು ಮಾಡಬಹುದು ಎಂದು ಕೇಳಿದ್ದೀರಲ್ಲ, ದಿನಾಂಕ ಇದ್ದಾಗಲೆಲ್ಲ ಇಬ್ಬರು ಹೋಗಿ ಅವಳ ಎರಡು ಪಕ್ಕ ಕೂತುಕೊಳ್ಳಿ. ಏನೂ ಮಾತಾಡಬೇಕಿಲ್ಲ. ಶಕ್ತಿ ಯೋಜನೆ ಇದೆ, ಬಸ್ಸಿಗೆ ದುಡ್ಡಿಲ್ಲ. ಹೋಗುವುದು ಆ ದಿನದ ಕೂಲಿ. ಸಂಘದ ಉಳಿತಾಯದಿಂದ ಆ ಇಬ್ಬರ ಕೂಲಿ ತುಂಬಿಕೊಡಿ.

ಇನ್ನು ‘ಮುಂದೆ ಹೀಗಾಗದಂತೆ’ ಎಂದದ್ದಕ್ಕೆ.

ಅತ್ಯಾಚಾರ ಎಂದಾಕ್ಷಣ ಜನರ ಕಣ್ಣ ಮುಂದೆ ಕತ್ತಲೆ, ಅಪರಿಚಿತ, ಬೈಕು ಬರುತ್ತವೆ. 2025ರ ಮಾರ್ಚ್‌ನಲ್ಲಿ ಕೊಪ್ಪಳ ಜಿಲ್ಲೆಯ ಸಾಣಾಪುರದ ಕಾಲುವೆ ಹತ್ತಿರ ನಡೆದದ್ದು ಅಂಥದ್ದೇ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು, ಕಾಲುವೆಗೆ ನೂಕಿದ ಯುವಕನೊಬ್ಬ ಸತ್ತ. ದೇಶವೆಲ್ಲ ಮಾತಾಡಿತು, ಮಾತಾಡಲೇಬೇಕಿತ್ತು. ಆದರೆ ದೇಶದಲ್ಲಿ 2022ರಲ್ಲಿ ದಾಖಲಾದ 31,516 ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವು ಗುರುತಿನವರೇ ಮಾಡಿದವು, ಪ್ರತಿ ವರ್ಷದ ಲೆಕ್ಕವೂ ಹೀಗೆಯೇ ಇರುತ್ತದೆ. ಗುರುತಿನವನು ಮಾಡಿದಾಗ ಹೇಳುವುದು ಕಷ್ಟ. ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ ಹದಿನಾಲ್ಕು ಮಾತ್ರ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ.

ನಿಮ್ಮೂರಲ್ಲಿ ಏನಾಯಿತು ನೋಡಿ. ಹುಡುಗಿ ಬಾಯಿ ಬಿಟ್ಟಳು. ಬಿಟ್ಟದ್ದಕ್ಕೆ ಓದು ಹೋಯಿತು, ಊರು ಹೋಯಿತು, ಅಜ್ಜಿ ದೂರವಾದಳು. ಅವನದು ಟಂಟಂ ಕೂಡ ಹೋಗಲಿಲ್ಲ. ಆ ಓಣಿಯ ಉಳಿದ ಹುಡುಗಿಯರು ಇದನ್ನೆಲ್ಲ ಕಣ್ಣಾರೆ ನೋಡಿದ್ದಾರೆ, ಲೆಕ್ಕ ಹಾಕಿದ್ದಾರೆ. ನಾಳೆ ಅವರಲ್ಲಿ ಒಬ್ಬಳ ಮೈಮುಟ್ಟಿದರೆ ಅವಳು ಯಾರಿಗೂ ಹೇಳುವುದಿಲ್ಲ, ಮೇಸ್ತ್ರಿಗೂ ಅದು ಗೊತ್ತು. ತಡೆಯುವುದು ಬೇರೆ, ನೊಂದವಳಿಗೆ ಆಸರೆಯಾಗುವುದು ಬೇರೆ ಎಂದು ಸರ್ಕಾರದ ಕಡತದಲ್ಲಿ ಎರಡು ಶೀರ್ಷಿಕೆ ಇರಬಹುದು. ಹಳ್ಳಿಯಲ್ಲಿ ನನಗೆ ಎರಡೂ ಒಂದೇ ಆಗಿ ಕಂಡಿವೆ. ಹೇಳಿದವಳಿಗೆ ಏನೂ ಕಳೆಯದಂತೆ ನೋಡಿಕೊಂಡ ಊರಿನಲ್ಲಿ ಮುಂದಿನವಳು ಬೇಗ ಹೇಳುತ್ತಾಳೆ. ಮೊದಲ ಸಲ ಜಡೆ ಎಳೆದಾಗಲೇ, ಟಂಟಂನಲ್ಲಿ ಬೇಕೆಂದೇ ಒತ್ತಿ ಕೂತಾಗಲೇ ಹೇಳುತ್ತಾಳೆ. ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಸಂಘದ ಮೊದಲ ಕೆಲಸ ಅವಳ ಓದು. ಕಾಲೇಜಿಗೆ ಹೋಗಿ ಪ್ರಾಚಾರ್ಯರ ಹತ್ತಿರ ಅವಳ ಜಾಗ ಉಳಿಸಲು ಕೇಳಿ, ಬೆಂಗಳೂರಿನಲ್ಲೇ ಓದುತ್ತೇನೆಂದರೆ ವರ್ಗಾವಣೆ ಪತ್ರ ತೆಗೆಸಿಕೊಡಿ. ಕಾರಣ ಹೇಳಬೇಡಿ. ಎರಡನೆಯದು, ಮದುವೆ ಮಾತು ಬಾರದಂತೆ ನೋಡಿಕೊಳ್ಳುವುದು. ‘ಸೀರೆ ಮ್ಯಾಲ ಮುಳ್ಳು ಬಿದ್ರೂ, ಮುಳ್ಳಿನ ಮ್ಯಾಲ ಸೀರೆ ಬಿದ್ರೂ ಹರಿಯೂದು ಸೀರೇನ’ ಎಂದು ಯಾರಾದರೂ ಹಿರಿಯರು ಆಗಲೇ ಅಂದಿರುತ್ತಾರೆ, ಬೇಕಾದರೆ ಪಂದ್ಯ ಕಟ್ಟುತ್ತೇನೆ. ಎಷ್ಟು ಪಂಚಾಯಿತಿಗಳಲ್ಲಿ ಈ ಗಾದೆ ಕೇಳಿದ್ದೇನೋ, ಒಮ್ಮೆಯೂ ಒಬ್ಬರೂ ಮುಳ್ಳು ಕಡಿಯುವ ಮಾತು ಎತ್ತಲಿಲ್ಲ. ಗಾದೆಯ ಹಿಂದೆಯೇ ‘ಮುಂದ ಯಾರ್ ಮದಿವಿ ಆಗ್ತಾರ, ಅವನಿಗೇ ಕೊಟ್ಟುಬಿಡ್ರಿ’ ಬರುತ್ತದೆ. ಹದಿನೆಂಟು ತುಂಬದ ಮದುವೆ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ಗಂಡನೆಂಬ ಹೆಸರಿದ್ದರೂ ಅವಳ ಮೈ ಮುಟ್ಟುವುದು ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಟಂಟಂ ಬಗ್ಗೆ ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಕಚೇರಿಯವರಿಗೆ ಮಾತ್ರ ಅಲ್ಲ. ಹೊಲದ ಕೂಲಿಯವರೂ ಅದರಲ್ಲಿ ಬರುತ್ತಾರೆ, ಕೆಲಸ ಕೊಟ್ಟವನು ಕರೆದೊಯ್ಯುವ ವಾಹನವೂ ಕೆಲಸದ ಜಾಗವೇ. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹತ್ತು ಜನ ಇದ್ದರೆ ಅಲ್ಲೇ ಸಮಿತಿ ಇರಬೇಕು, ನಿಮ್ಮಂಥವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಮೂರು ತಿಂಗಳೊಳಗೆ ದೂರು ಕೊಡಬೇಕು. ಈ ಕಾಯ್ದೆ ಹುಟ್ಟಿದ್ದೇ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯ ಭಂವರಿ ದೇವಿಯಿಂದ. ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಆಕೆಯ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಆಕೆ ನಿಮ್ಮ ಹಾಗೆಯೇ ಹಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು.

ಕಾಯ್ದೆಗಿಂತ ಬೇಗ ಆಗುವ ಕೆಲಸ ಇನ್ನೊಂದಿದೆ. ನಿಮ್ಮ ಗುಂಪಿನ ಹೆಂಗಸರು ಅವನ ಗಾಡಿ ಹತ್ತುವುದನ್ನು ನಿಲ್ಲಿಸಿದರೆ? ಕೊಪ್ಪಳ ಜಿಲ್ಲೆಯ ಒಂದು ಊರಿನಲ್ಲಿ ಹೆಂಗಸರು ಸೇರಿ ಹೀಗೆ ಮಾಡಿದ್ದನ್ನು ಕಂಡಿದ್ದೇನೆ. ತಮ್ಮಲ್ಲೇ ಇಬ್ಬರನ್ನು ಮೇಸ್ತ್ರಿ ಮಾಡಿ, ಗದ್ದೆಯವರ ಹತ್ತಿರ ತಾವೇ ಕೂಲಿ ಮಾತಾಡಿಕೊಂಡು, ಬೇರೆ ಗಾಡಿ ಗೊತ್ತು ಮಾಡಿಕೊಂಡರು. ಮೊದಲ ಹಂಗಾಮಿನಲ್ಲಿ ತ್ರಾಸಾಯಿತು, ಕೆಲವು ದಿನ ಕೆಲಸವೇ ಸಿಗಲಿಲ್ಲ. ಎರಡನೆಯ ಹಂಗಾಮಿಗೆ ನಾಟಿಗೆ ಆಳು ಸಿಗದೆ ಗದ್ದೆಯವರೇ ಹುಡುಕಿಕೊಂಡು ಬಂದರು.

ಗುಳೆ ಹೋದವರ ಮನೆಗಳ ಪಟ್ಟಿ ಮಾಡಿ. ಯಾವ ಯಾವ ಮನೆಯಲ್ಲಿ ಹೆಣ್ಣುಮಗು ಅಜ್ಜಿ ಒಬ್ಬಳ ಜೊತೆ ಇದೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ, ಅವನಂಥವರನ್ನು ಬಿಟ್ಟರೆ. ಮಕ್ಕಳ ಗ್ರಾಮಸಭೆಯಲ್ಲಿ ಕಟ್ಟಡ, ಆಟದ ಸಾಮಾನು ಎಂದು ಮಾತು ಮುಗಿಸದೆ ಹುಡುಗಿಯರನ್ನೇ ಬೇರೆ ಕೂರಿಸಿ, ಊರಿನಲ್ಲಿ ಎಲ್ಲಿ ಹೋಗಲು ಹೆದರಿಕೆ ಎಂದು ಕೇಳಿ. ಬಯಲಿಗೆ ಹೋಗುವ ಜಾಲಿ ಪೊದೆಯ ದಾರಿ, ದೀಪವಿಲ್ಲದ ಬಸ್ ನಿಲ್ದಾಣ, ಯಾವುದೋ ಅಂಗಡಿ ಮುಂದಿನ ಕಟ್ಟೆ, ಒಬ್ಬ ಮಾವನ ಮನೆ ಎಲ್ಲ ಹೊರಬರುತ್ತದೆ. ಹುಡುಗರ ಜೊತೆಯೂ ಕೂರಬೇಕು. ನಾನು ಹೈಸ್ಕೂಲಿಗೆ ಹೋದಾಗ ಹುಡುಗರನ್ನು ಹೊರಗೆ ಕಳಿಸಿ ‘ಹೆಣ್ಣುಮಕ್ಕಳಿಗೆ ಹೇಳ್ರಿ ಮೇಡಂ’ ಅನ್ನುತ್ತಾರೆ. ಈಗ ನಾನು ಹುಡುಗರನ್ನೇ ಮೊದಲು ಕೂರಿಸಿ ಎಂದು ಕೇಳುತ್ತೇನೆ.

ಎಳ್ಳಮವಾಸ್ಯೆಗೆ ಅವಳು ಬಂದರೆ ಹೇಗೆ ಮಾತಾಡಿಸುವುದು ಎಂದಿರಿ. ಕನಿಕರದ ಮುಖ ಮಾಡಿಕೊಂಡು ಗಲ್ಲ ಸವರಬೇಡಿ. ‘ಮರೆತುಬಿಡವ್ವ’ ಅನ್ನಬೇಡಿ, ‘ಅವತ್ತ ಯಾಕ ಹೋಗಿದ್ದಿ’ ಎಂದಂತೂ ಬೇಡವೇ ಬೇಡ. ಅವಳಾಗಿ ಹೇಳಿದರೆ ಕೇಳಿ. ಹೇಳುವಾಗ ನಡುವೆ ಪ್ರಶ್ನೆ ಹಾಕಬೇಡಿ, ಹೇಳದಿದ್ದರೆ ಬಿಡಿ. ನಿದ್ದೆ ಬರುವುದಿಲ್ಲ, ಜೀವ ಬೇಡ ಎಂಬಂಥ ಮಾತು ಬಂದರೆ ಒಬ್ಬಳನ್ನೇ ಬಿಡದೆ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ಅವಳ ಮುಂದೆಯೇ ಫೋನ್ ಹಚ್ಚಿ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲದಿದ್ದರೆ ಸಜ್ಜೆ ರೊಟ್ಟಿ ಬಡಿಯಲು ಕರೆಯಿರಿ, ಚರಗ ಚೆಲ್ಲಲು ಎಲ್ಲ ಹುಡುಗಿಯರ ಜೊತೆ ಹೊಲಕ್ಕೆ ಕರೆದುಕೊಂಡು ಹೋಗಿ. ಹೋಗುವಾಗ ಆ ಟಂಟಂ ಬೇಡ, ನಡೆದೇ ಹೋಗಿ. ಅವನು ಎದುರಿಗೆ ಬಂದರೆ ದಾರಿ ಬಿಡಬೇಕಾದವರು ನೀವಲ್ಲ.